ಉಳುವವನು ಒಡೆಯ, ಅಗೆಯುವವನಲ್ಲ

ದೇವರಾಜ ಅರಸು ಬಡಾವಣೆಯ ನಮ್ಮ ಪಾರ್ಕಿನಲ್ಲಿ ಸಂಜೆ ಐದರ ಮೇಲೆ ಒಂದು ಸಂಸತ್ತು ಸೇರುತ್ತದೆ. ಸದಸ್ಯರೆಲ್ಲ ನಿವೃತ್ತರು. ಒಬ್ಬರು ಮೇಷ್ಟರು, ಇಬ್ಬರು ಬ್ಯಾಂಕಿನವರು, ಒಬ್ಬರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ಇದ್ದು ಬಂದ ಇಂಜಿನಿಯರು, ಮತ್ತು ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಿದ್ದ ನಾನು. ಮಂಡಕ್ಕಿ ಮಿರ್ಚಿ ಯಾರು ತರುತ್ತಾರೋ ಅಂದು ಅವರ ಮಾತಿಗೆ ತುಸು ಹೆಚ್ಚು ತೂಕ. ಮೊಣಕಾಲು ನೋವು, ಭದ್ರಾ ನಾಲೆಯ ನೀರು, ಬೆಂಗಳೂರಿನಲ್ಲಿರುವ ಮಕ್ಕಳು ಫೋನು ಮಾಡಿದ್ದು, ಮಾಡದೆ ಇದ್ದದ್ದು, ಇವೇ ನಮ್ಮ ಕಲಾಪದ ಮಾಮೂಲಿ ವಿಷಯಗಳು.

ಮೊನ್ನೆ ಮಂಡಕ್ಕಿ ತಂದವರು ಇಂಜಿನಿಯರು. ಜೊತೆಗೆ ಒಂದು ಸುದ್ದಿಯನ್ನೂ ತಂದಿದ್ದರು. ಚಂದ್ರನ ಮೇಲೆ, ಬಾಹ್ಯಾಕಾಶದಲ್ಲಿ ಸುತ್ತುವ ಕ್ಷುದ್ರಗ್ರಹಗಳ ಮೇಲೆ, ಖಾಸಗಿ ಕಂಪನಿಗಳು ಗಣಿಗಾರಿಕೆ ಮಾಡಬಹುದಂತೆ. ಅಗೆದದ್ದು ಅಗೆದವನದೇ. ಇದು ಅಮೆರಿಕದ ಕಾನೂನು ಮಾತ್ರವಲ್ಲ, ನಮ್ಮ ಭಾರತದ ನೀತಿಯೂ ಹೌದು. ಇಷ್ಟು ಹೇಳಿ ಸುಮ್ಮನಾಗಿದ್ದರೆ ನಾನೂ ಮಿರ್ಚಿ ಕಡಿಯುತ್ತ ಕೂತಿರುತ್ತಿದ್ದೆ. ಅವರು ನನ್ನ ಕಡೆ ತಿರುಗಿ ನಕ್ಕು, "ಇದರಲ್ಲಿ ತಪ್ಪೇನಿದೆ ಸ್ವಾಮಿ? ನಿಮ್ಮ ಅರಸು ಹೇಳಿದ್ದೂ ಅದನ್ನೇ ಅಲ್ಲವೆ? ಉಳುವವನೇ ಹೊಲದೊಡೆಯ ಅಂತ. ಇಲ್ಲಿ ಉಳುವುದರ ಬದಲು ಅಗೆಯುವುದು, ಅಷ್ಟೇ" ಎಂದರು.

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಆದರೆ ಉತ್ತರ ಬರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಬಂತು. ನನ್ನಂಥವರಿಗೆ ಉತ್ತರ ಬರುವುದು ಯಾವಾಗಲೂ ಹಾಗೆಯೇ, ಸಭೆ ಮುಗಿದ ಮೇಲೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ನಾನು ವಿಜ್ಞಾನದ ವಿರೋಧಿಯಲ್ಲ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದಾಗ ನಾನೂ ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆ. ಪೀಣ್ಯದ ಆ ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ಬಿದ್ದಾಗ ನಮ್ಮ ಓಣಿಯಲ್ಲಿ ಪಟಾಕಿ ಹೊಡೆದರು. ಕಣ್ಣಲ್ಲಿ ನೀರು ಬಂತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಅಲ್ಲಿ ನೀರಿನ ಅಂಶವಿದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಒದಗಿಸಿದ್ದೂ 2008ರಲ್ಲಿ ಹೋದ ನಮ್ಮ ಚಂದ್ರಯಾನ-1. ಅದರಲ್ಲಿದ್ದ ಅಮೆರಿಕದ ಉಪಕರಣ ಕಂಡದ್ದನ್ನು 2009ರ ಸೆಪ್ಟೆಂಬರ್‌ನಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮವರು ಹೋಗಲಿ, ನೋಡಲಿ, ಅಗೆಯುವುದಾದರೆ ಅಗೆಯಲಿ. ನನ್ನ ತಕರಾರು ಅಗೆತದ ಬಗ್ಗೆ ಅಲ್ಲ. ಅಗೆದವನಿಗೆ ಪಟ್ಟಾ ಕೊಡುವವರು ಯಾರು, ಯಾವ ಷರತ್ತಿನ ಮೇಲೆ, ಯಾರನ್ನು ಕೇಳಿ, ಎಂಬುದರ ಬಗ್ಗೆ. ನಲವತ್ತು ವರ್ಷ ಕಂದಾಯದ ಕಡತ ಹೊತ್ತವನಿಗೆ ಬೇರೆ ಪ್ರಶ್ನೆ ಹೊಳೆಯುವುದೂ ಇಲ್ಲ.

ಈಗ ಅರಸು ಅವರ ವಿಷಯಕ್ಕೆ ಬರುತ್ತೇನೆ.

ನಾನು ನೌಕರಿಗೆ ಸೇರಿದ ಹೊಸದರಲ್ಲಿ ನನ್ನನ್ನು ಒಂದು ತಾಲ್ಲೂಕಿನ ಭೂ ನ್ಯಾಯಮಂಡಳಿಯ ಕೆಲಸಕ್ಕೆ ಹಾಕಿದರು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿದಾರರು ಏಳನೇ ನಮೂನೆ ಅರ್ಜಿ ತುಂಬಿ ಕೊಡಬೇಕು, ನಾವು ಅದನ್ನು ಕ್ರಮವಾಗಿ ಜೋಡಿಸಿ ಮಂಡಳಿಯ ಮುಂದಿಡಬೇಕು. ಅರ್ಜಿಯ ಕಟ್ಟುಗಳು ನನ್ನ ಎದೆಯ ಮಟ್ಟಕ್ಕೆ ಬರುತ್ತಿದ್ದವು. ಆ ಕಾಯ್ದೆಯನ್ನು ಇಂದು ಎಲ್ಲರೂ ಒಂದು ಘೋಷಣೆಯಾಗಿ ಮಾತ್ರ ನೆನೆಯುತ್ತಾರೆ. ಅದರ ಕಲಮುಗಳನ್ನು ಓದಿದವರು ಕಡಿಮೆ. ಓದಿದ್ದರೆ ನಮ್ಮ ಇಂಜಿನಿಯರು ಆ ಜೋಕು ಮಾಡುತ್ತಿರಲಿಲ್ಲ.

ಕಾಯ್ದೆ ಏನು ಮಾಡಿತು? ಒಂದನೆಯದಾಗಿ, ಗೇಣಿಗಿದ್ದ ಜಮೀನನ್ನೆಲ್ಲ ಮೊದಲು ಸರ್ಕಾರದಲ್ಲಿ ವಿಹಿತಗೊಳಿಸಿತು. ಅಂದರೆ ಜಮೀನುದಾರನ ಕೈಯಿಂದ ಗೇಣಿದಾರನ ಕೈಗೆ ನೇರವಾಗಿ ದಾಟಲಿಲ್ಲ. ನಡುವೆ ಒಂದು ಗಳಿಗೆ ಅದು ಎಲ್ಲರದಾಯಿತು. ಎಲ್ಲರದಾದ ಮೇಲೆ ಒಬ್ಬನಿಗೆ ಮಂಜೂರಾಯಿತು. ಎರಡನೆಯದಾಗಿ, ಮಿತಿ ಹಾಕಿತು. ಐದು ಜನರ ಕುಟುಂಬಕ್ಕೆ ಹತ್ತು ಯೂನಿಟ್, ಒಣಭೂಮಿಯಾದರೆ 54 ಎಕರೆ. ಅದಕ್ಕಿಂತ ಹೆಚ್ಚಿನದು ನೀನು ಎಷ್ಟೇ ಚೆನ್ನಾಗಿ ಉಳುತ್ತಿರು, ನಿನ್ನದಲ್ಲ. ಮೂರನೆಯದಾಗಿ, ಪುಕ್ಕಟೆ ಕೊಡಲಿಲ್ಲ. ಅಧಿಭೋಗದ ಹಕ್ಕು ಪಡೆದವನು ಕಿಮ್ಮತ್ತು ಕಟ್ಟಬೇಕಾಗಿತ್ತು, ಪಡೆದ ಮಾರನೆಯ ದಿನವೇ ಮಾರಿಕೊಳ್ಳುವಂತಿರಲಿಲ್ಲ. ನಾಲ್ಕನೆಯದಾಗಿ, ತಕರಾರು ತೀರಿಸಲು ಒಂದು ಕಟ್ಟೆ ಹಾಕಿತು. ಆ ಕಟ್ಟೆಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಹರಕು ಅಂಗಿಯವನೂ ತನ್ನ ಬಾಯಿಂದಲೇ ತನ್ನ ಮಾತು ಹೇಳಬೇಕಾಗಿತ್ತು, ಹೇಳಬಹುದಾಗಿತ್ತು.

ಒಬ್ಬ ಮುದುಕ ನನಗೆ ಇವತ್ತಿಗೂ ನೆನಪಿದ್ದಾನೆ. ಪಹಣಿಯಲ್ಲಿ ಅವನ ಹೆಸರಿಲ್ಲ, ಗೇಣಿ ರಸೀತಿ ಇಲ್ಲ. ಸಾಕ್ಷಿ ಏನಪ್ಪ ಎಂದು ಅಧ್ಯಕ್ಷರು ಕೇಳಿದರು. ಆತ ಎರಡೂ ಕೈ ಮುಂದೆ ಚಾಚಿದ. ಅದು ಸಾಲದು ಎಂದರು. ಆಗ ಎಡಬದಿಯ ಹೊಲದವನೂ ಬಲಬದಿಯ ಹೊಲದವನೂ ಎದ್ದು ನಿಂತು, ಇವನು ಇಪ್ಪತ್ತು ವರ್ಷದಿಂದ ಉತ್ತದ್ದನ್ನು ನಾವು ಬದುವಿನಿಂದ ನೋಡಿದ್ದೇವೆ ಎಂದರು. ಮುದುಕನಿಗೆ ಹೊಲ ಸಿಕ್ಕಿತು. ಎಲ್ಲ ಪ್ರಕರಣಗಳೂ ಹೀಗೆ ಮುಗಿದವು ಎಂದು ನಾನು ಹೇಳುವುದಿಲ್ಲ. ಸುಳ್ಳು ಅರ್ಜಿಗಳನ್ನೂ ಕಂಡಿದ್ದೇನೆ, ದೊಡ್ಡವರ ಚೀಟಿ ಬಂದಾಗ ಕಡತ ಕೆಳಗಿನಿಂದ ಮೇಲೆ ಬಂದದ್ದನ್ನೂ ಕಂಡಿದ್ದೇನೆ. ಕಾಯ್ದೆಯ ಗೋಡೆಗಳನ್ನೂ ಒಂದೊಂದಾಗಿ ಕೆಡವುತ್ತ ಬಂದರು. 2020ರ ತಿದ್ದುಪಡಿಯಲ್ಲಿ ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದೆಂದಾಯಿತು. ಆದರೂ ಉಳುವವನೇ ಒಡೆಯ ಎಂಬ ಮಾತಿನ ಅರ್ಥ ಇದು: ಆಗಲೇ ಅಲ್ಲಿ ಬೆವರು ಸುರಿಸಿದವನಿಗೆ, ನೆರೆಯವರ ಸಾಕ್ಷಿಯೊಂದಿಗೆ, ಮಿತಿಯೊಳಗೆ, ಎಲ್ಲರ ಒಪ್ಪಿಗೆಯಿಂದ ಬಂದ ಹಕ್ಕು. ಮೊದಲು ಓಡಿದವನಿಗೆ ಸಿಕ್ಕ ಬಹುಮಾನವಲ್ಲ. ಚಂದ್ರನ ಮೇಲೆ ಇಪ್ಪತ್ತು ವರ್ಷ ಉತ್ತ ಮುದುಕ ಯಾರಿದ್ದಾನೆ? ಸಾಕ್ಷಿ ಹೇಳಲು ಬದುವಿನವನು ಯಾರಿದ್ದಾನೆ?

ಆಕಾಶದ ಕಾನೂನು ಇವತ್ತು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಇದು ಕಷ್ಟದ ವಿಷಯವೇನಲ್ಲ, ಕಷ್ಟ ಎಂದು ಹೇಳಿ ನಮ್ಮನ್ನು ದೂರ ಇಟ್ಟಿದ್ದಾರೆ.

1967ರಲ್ಲಿ ಬಾಹ್ಯಾಕಾಶ ಒಪ್ಪಂದವಾಯಿತು. ಚಂದ್ರನನ್ನಾಗಲಿ ಬೇರೆ ಆಕಾಶಕಾಯಗಳನ್ನಾಗಲಿ ಯಾವ ದೇಶವೂ ತನ್ನ ಸ್ವತ್ತೆಂದು ಸಾರುವಂತಿಲ್ಲ, ಬಳಸಿಕೊಂಡೋ ಬೀಡುಬಿಟ್ಟೋ ಒಳಹಾಕಿಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಬಾಹ್ಯಾಕಾಶದ ಶೋಧ ಮತ್ತು ಬಳಕೆ ಎಲ್ಲ ದೇಶಗಳ ಹಿತಕ್ಕಾಗಿ ನಡೆಯಬೇಕು ಎಂದೂ ಹೇಳಿತು. ಭಾರತ ಅದಕ್ಕೆ ಸೇರಿದೆ, ಅಮೆರಿಕ, ರಷ್ಯ, ಚೀನಾಗಳೂ ಸೇರಿವೆ. 1979ರಲ್ಲಿ ವಿಶ್ವಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಚಂದ್ರ ಒಪ್ಪಂದವನ್ನು ತಂದಿತು. ಚಂದ್ರನ ಸಂಪತ್ತು ಮನುಕುಲದ ಜಂಟಿ ಆಸ್ತಿ. ಅದನ್ನು ತೆಗೆಯುವ ಕಾಲ ಹತ್ತಿರ ಬಂದಾಗ ಎಲ್ಲ ದೇಶಗಳೂ ಕೂತು ಒಂದು ವ್ಯವಸ್ಥೆ ಮಾಡಿಕೊಳ್ಳಬೇಕು, ಬಂದ ಲಾಭದಲ್ಲಿ ಬಡದೇಶಗಳ ಪಾಲನ್ನೂ ನೋಡಬೇಕು ಎಂದು ಅದರಲ್ಲಿದೆ. 1982ರಲ್ಲಿ ಭಾರತ ಅದಕ್ಕೆ ಸಹಿ ಮಾಡಿತು. ಆದರೆ ಸ್ಥಿರೀಕರಿಸಲಿಲ್ಲ. ನೋಂದಣಿ ಕಚೇರಿಗೆ ಹೋಗಿ, ಕರಾರುಪತ್ರಕ್ಕೆ ಸಹಿ ಹಾಕಿ, ನೋಂದಾಯಿಸದೆ ಜೇಬಿಗಿಟ್ಟುಕೊಂಡು ಮನೆಗೆ ಬಂದ ಹಾಗೆ. ಅಮೆರಿಕ, ರಷ್ಯ, ಚೀನಾಗಳಂತೂ ಅದರ ಹತ್ತಿರವೂ ಸುಳಿಯಲಿಲ್ಲ. ಸೇರಿದ್ದ ಸೌದಿ ಅರೇಬಿಯಾ 2024ರ ಜನವರಿಯಲ್ಲಿ ಹೊರಬಿತ್ತು.

ಮುಂದಿನ ಕಥೆ ಬೇಗ ಬೇಗ ಓಡುತ್ತದೆ. 2015ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, ತನ್ನ ಪ್ರಜೆಗಳು ಬಾಹ್ಯಾಕಾಶದಿಂದ ತೆಗೆದ ಸಂಪತ್ತನ್ನು ತಮ್ಮದಾಗಿ ಇಟ್ಟುಕೊಳ್ಳಬಹುದು, ಮಾರಬಹುದು ಎಂದಿತು. 2017ರಲ್ಲಿ ಲಕ್ಸೆಂಬರ್ಗ್ ಹಾಗೆಯೇ ಮಾಡಿತು. ಇದು ನಮ್ಮ ದಾವಣಗೆರೆ ಜಿಲ್ಲೆಗಿಂತ ಚಿಕ್ಕದಾದ ದೇಶ ಎಂಬುದು ನೆನಪಿರಲಿ. 2019ರಲ್ಲಿ ಅರಬ್ ಸಂಯುಕ್ತ ಸಂಸ್ಥಾನ, 2021ರಲ್ಲಿ ಜಪಾನ್. ನಡುವೆ 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಮುಂದಾಳತ್ವದಲ್ಲಿ ಎಂಟು ದೇಶಗಳು ಆರ್ಟೆಮಿಸ್ ಒಡಂಬಡಿಕೆ ಮಾಡಿಕೊಂಡವು. ಸಂಪತ್ತು ತೆಗೆದ ಮಾತ್ರಕ್ಕೆ ನೆಲವನ್ನು ಒಳಹಾಕಿಕೊಂಡಂತೆ ಆಗುವುದಿಲ್ಲ ಎಂಬುದು ಅದರ ಒಂದು ಮಾತು. 2023ರ ಜೂನ್ 21ರಂದು ಭಾರತ ಅದಕ್ಕೂ ಸಹಿ ಹಾಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹೊರಬಂದ ನಮ್ಮ ಬಾಹ್ಯಾಕಾಶ ನೀತಿಯೂ ಖಾಸಗಿಯವರು ಇಂಥ ಸಂಪತ್ತನ್ನು ಹೊಂದಬಹುದು, ಸಾಗಿಸಬಹುದು, ಮಾರಬಹುದು ಎನ್ನುತ್ತದೆ. ಅನ್ವಯವಾಗುವ ಕಾನೂನು ಮತ್ತು ದೇಶದ ಅಂತರರಾಷ್ಟ್ರೀಯ ಹೊಣೆಗಳಿಗೆ ಒಳಪಟ್ಟು ಎಂಬ ಮಾತನ್ನೂ ಸೇರಿಸಿದೆ. ಅದು ನೀತಿ, ಸಂಸತ್ತು ಚರ್ಚಿಸಿ ಪಾಸು ಮಾಡಿದ ಕಾಯ್ದೆಯಲ್ಲ. ಒಂದು ಕಾಲು 1982ರ ದೋಣಿಯಲ್ಲಿ, ಇನ್ನೊಂದು ಕಾಲು 2023ರ ದೋಣಿಯಲ್ಲಿ. ಹೊಳೆ ದಾಟುವಾಗ ಹೀಗೆ ನಿಂತವನ ಗತಿ ಏನೆಂಬುದು ತುಂಗಭದ್ರೆಯ ದಡದವರಿಗೆ ನಾನು ಹೇಳಬೇಕಾಗಿಲ್ಲ.

ಈ ಹೊಸ ಕಾನೂನುಗಳ ಜಾಣತನ ಎಲ್ಲಿದೆ ನೋಡಿ. ನೆಲ ಯಾರದೂ ಅಲ್ಲ, ಕಲ್ಲು ಮಾತ್ರ ನನ್ನದು ಎನ್ನುತ್ತವೆ. ಕೇಳಿದರೆ ಸಮುದ್ರದ ಉದಾಹರಣೆ ಕೊಡುತ್ತಾರೆ. ನಡುಸಮುದ್ರ ಯಾರ ಸ್ವತ್ತೂ ಅಲ್ಲ, ಆದರೂ ಹಿಡಿದ ಮೀನು ಹಿಡಿದವನದಲ್ಲವೆ? ನಮ್ಮ ಹಳ್ಳಿಯವರಿಗೆ ಈ ವಾದ ಹೇಳಿ ನೋಡಿ. ಕೆರೆ ಊರಿನದು, ಮೀನು ಮಾತ್ರ ನನ್ನದು ಎಂದು ಬಲೆ ಹೊತ್ತುಕೊಂಡು ಹೋದವನನ್ನು ಊರವರು ಸುಮ್ಮನೆ ಬಿಡುತ್ತಾರೆಯೆ? ಕೆರೆಯ ಮೀನಿಗೂ ಹರಾಜಿದೆ, ಹರಾಜಿನ ಹಣಕ್ಕೆ ಲೆಕ್ಕವಿದೆ. ಮೇಲಾಗಿ ಮೀನು ಮರಿ ಹಾಕುತ್ತದೆ. ಚಂದ್ರನ ಧ್ರುವದಲ್ಲಿ ಸೂರ್ಯನ ಬೆಳಕೇ ಬೀಳದ ಗುಂಡಿಗಳಲ್ಲಿ ಕೋಟ್ಯಂತರ ವರ್ಷಗಳಿಂದ ಹೆಪ್ಪುಗಟ್ಟಿರುವ ಮಂಜು ಮರಿ ಹಾಕುವುದಿಲ್ಲ. ತೆಗೆದರೆ ಮುಗಿಯಿತು.

ಆ ಮಂಜೇ ಎಲ್ಲರ ಕಣ್ಣಿನಲ್ಲಿರುವುದು. ನೀರನ್ನು ಒಡೆದರೆ ಜಲಜನಕ, ಆಮ್ಲಜನಕ. ಅಂದರೆ ರಾಕೆಟ್ಟಿನ ಇಂಧನ. ಭೂಮಿಯಿಂದ ಹೊತ್ತೊಯ್ಯುವ ಬದಲು ಅಲ್ಲೇ ತುಂಬಿಸಿಕೊಂಡರೆ ಮುಂದಿನ ಪ್ರಯಾಣವೆಲ್ಲ ಅಗ್ಗ. ಚಂದ್ರ ದೊಡ್ಡದು, ಎಲ್ಲರಿಗೂ ಜಾಗವಿದೆ ಎನ್ನುವವರು ಇದನ್ನು ಮರೆಮಾಚುತ್ತಾರೆ. ಚಂದ್ರ ದೊಡ್ಡದು ನಿಜ, ಆದರೆ ಮಂಜಿರುವ ಕತ್ತಲ ಗುಂಡಿ ಮತ್ತು ಅದರ ಪಕ್ಕದಲ್ಲೇ ಬಹುಕಾಲ ಬಿಸಿಲು ಬೀಳುವ ದಿಬ್ಬ, ಎರಡೂ ಕೂಡಿರುವ ಜಾಗಗಳು ಕೆಲವೇ. ಊರು ತುಂಬ ಜಮೀನಿದ್ದರೂ ಬಾವಿ ಇರುವ ಹೊಲ ಒಂದೇ ಇದ್ದ ಹಾಗೆ. ಅಲ್ಲಿ ಮೊದಲು ಹೋದವನು ಯಂತ್ರ ಇಟ್ಟು, ಸುತ್ತ ಸುರಕ್ಷತಾ ವಲಯ ಎಂದು ಗೆರೆ ಎಳೆಯಬಹುದು ಎಂದು ಆರ್ಟೆಮಿಸ್ ಒಡಂಬಡಿಕೆಯೇ ಹೇಳುತ್ತದೆ. ಅದು ತಾತ್ಕಾಲಿಕ ಗೆರೆ, ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ಎಳೆದದ್ದು ಎನ್ನುತ್ತಾರೆ. ತಾತ್ಕಾಲಿಕ ಬೇಲಿಗಳು ಎಷ್ಟು ತಲೆಮಾರು ಬಾಳುತ್ತವೆ ಎಂಬುದನ್ನು ಒತ್ತುವರಿ ಕಡತ ನೋಡಿದ ಯಾವ ಗುಮಾಸ್ತನನ್ನಾದರೂ ಕೇಳಿ.

ಎಲ್ಲರ ಸ್ವತ್ತಿಗೆ ಬೇಲಿ ಬಿದ್ದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಚಂದ್ರನವರೆಗೆ ಹೋಗಬೇಕಿಲ್ಲ. ಹರಿಹರದ ಸೇತುವೆ ದಾಟಿದರೆ ಸಾಕು. 1984ರಲ್ಲಿ ಕರ್ನಾಟಕ ಸರ್ಕಾರದ ಅರಣ್ಯ ತೋಟಗಾರಿಕೆ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಸುಮಾರು 75,000 ಎಕರೆ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವುದು ಯೋಜನೆ. ಕಾಗದದಲ್ಲಿ ಅದು ಪಾಳುಭೂಮಿ. ಹಳ್ಳಿಯವರಿಗೆ ಅದು ದನ ಮೇಯುವ ಗೋಮಾಳ, ಉರುವಲು, ಸೊಪ್ಪು, ಹಣ್ಣು. ಯಾರ ಹೆಸರಿನಲ್ಲೂ ಇಲ್ಲ ಎಂದರೆ ಯಾರಿಗೂ ಬೇಡ ಎಂದು ಅರ್ಥವಲ್ಲ, ಎಲ್ಲರಿಗೂ ಬೇಕು ಎಂದು ಅರ್ಥ. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಅವರ ಜೊತೆಗೆ ಶಿವರಾಮ ಕಾರಂತರು, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು.

ಕುಸನೂರಿನವರಿಗೆ ಎತ್ತಿನ ಗಾಡಿಯಿತ್ತು, ನಡೆಯಲು ಕಾಲಿತ್ತು. ಹೋಗಿ ಕಿತ್ತರು. ಚಂದ್ರನ ಗೋಮಾಳಕ್ಕೆ ಬೇಲಿ ಬಿದ್ದರೆ ಕೀಳಲು ಹೋಗುವವರು ಯಾರು? ಹೋಗಲು ಶಕ್ತಿಯಿರುವವನೇ ಬೇಲಿ ಹಾಕಿದವನು. ಅದಕ್ಕೇ ಹೇಳುವುದು, ಅಲ್ಲಿಯ ಕಾನೂನು ಇಲ್ಲಿಯೇ, ಈಗಲೇ, ಬೇಲಿ ಬೀಳುವ ಮುಂಚೆಯೇ ಆಗಬೇಕು ಎಂದು.

ಇದಕ್ಕೆ ಇಂಜಿನಿಯರು ಕೊಟ್ಟ ಇನ್ನೊಂದು ಉತ್ತರವೂ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಿದ್ದೀರಿ ಎಂದರು. ಅವರ ಲೆಕ್ಕದಲ್ಲಿ ಹುರುಳಿದೆ. ಅಪೊಲೊದ ಆರು ಯಾನಗಳು ಒಟ್ಟಿಗೆ ತಂದ ಚಂದ್ರನ ಕಲ್ಲು ಮಣ್ಣು 382 ಕಿಲೊ. ಜಪಾನಿನ ನೌಕೆ 2020ರಲ್ಲಿ ಕ್ಷುದ್ರಗ್ರಹದಿಂದ ತಂದದ್ದು 5.4 ಗ್ರಾಂ, ಅಮೆರಿಕದ್ದು 2023ರಲ್ಲಿ ತಂದದ್ದು 121.6 ಗ್ರಾಂ. ನಮ್ಮ ಚೌಕಿಪೇಟೆಯ ಚಿನಿವಾರರ ತಕ್ಕಡಿಗೆ ಸಾಕಾಗುವಷ್ಟು. ಕ್ಷುದ್ರಗ್ರಹ ಅಗೆಯುತ್ತೇವೆ ಎಂದು 2012ರಲ್ಲಿ ದೊಡ್ಡ ಸದ್ದು ಮಾಡಿದ ಪ್ಲಾನೆಟರಿ ರಿಸೋರ್ಸಸ್ ಕಂಪನಿ ಒಂದು ಕಲ್ಲನ್ನೂ ಮುಟ್ಟದೆ 2018ರಲ್ಲಿ ಬೇರೆಯವರ ಕೈಗೆ ಹೋಯಿತು.

ಆದರೆ ಕಂದಾಯ ಇಲಾಖೆಯವನ ಕಣ್ಣಿಗೆ ಬೇರೆಯದೇ ಕಾಣುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆ ನಾಲ್ಕು ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತು. ನೀವು ಚಂದ್ರನ ಮೇಲೆ ಒಂದಿಷ್ಟು ಮಣ್ಣು ಬಾಚಿ, ಅಲ್ಲಿಯೇ ನಮಗೆ ಮಾರಿ ಎಂದು. ಅದರಲ್ಲಿ ಒಂದು ಕಂಪನಿಗೆ ಗೊತ್ತಾದ ಬೆಲೆ ಒಂದು ಡಾಲರ್. ಒಂದು ಡಾಲರಿಗೆ ಮಣ್ಣು ಕೊಂಡು ನಾಸಾ ಏನು ಮಾಡುತ್ತದೆ? ಮಣ್ಣು ಬೇಕಾಗಿರಲಿಲ್ಲ ಸ್ವಾಮಿ, ಕ್ರಯಪತ್ರ ಬೇಕಾಗಿತ್ತು. ಇಂಥ ಮಾರಾಟ ನಡೆಯಬಹುದು ಎಂಬುದಕ್ಕೆ ಪೂರ್ವನಿದರ್ಶನ ಇರಲಿ ಎಂದು ಅವರೇ ಹೇಳಿಕೊಂಡರು. ಮಾರುವವನಿಗೆ ಹಕ್ಕು ಎಲ್ಲಿಂದ ಬಂತು ಎಂದು ಕೇಳದೆ ಮೊದಲ ಕ್ರಯಪತ್ರ ಆಗಿಬಿಟ್ಟರೆ, ಎರಡನೆಯದು ಮೊದಲನೆಯದನ್ನು ತೋರಿಸುತ್ತದೆ, ಮೂರನೆಯದು ಎರಡನ್ನೂ ತೋರಿಸುತ್ತದೆ. ಹತ್ತನೆಯದರ ಹೊತ್ತಿಗೆ ಅದು ರೂಢಿಯಾಗಿ, ರೂಢಿಯೇ ಕಾನೂನಾಗಿರುತ್ತದೆ. ಬೇನಾಮಿ ಜಮೀನುಗಳ ಖಾತೆ ಬದಲಾದದ್ದೆಲ್ಲ ಹೀಗೆಯೇ. ಕೂಸು ಹುಟ್ಟಿಲ್ಲ ನಿಜ, ಆದರೆ ಅದರ ಹೆಸರಿಗೆ ಆಸ್ತಿ ಬರೆಸುವ ಕೆಲಸ ಆಗಲೇ ನಡೆದಿದೆ.

ಕುಲಾವಿ ತಡವಾಗಿ ಹೊಲಿದ ಊರು ಯಾವುದು ಎಂದು ಕೇಳಿದರೆ ಬಳ್ಳಾರಿಯನ್ನು ತೋರಿಸುತ್ತೇನೆ. ಅಲ್ಲಿ ಕೂಸಿಗೆ ಮೀಸೆ ಬಂದ ಮೇಲೆ ಕುಲಾವಿ ಹೊಲಿದರು.

2008ರಲ್ಲಿ ಒಂದು ಮದುವೆಗೆ ಸಂಡೂರಿಗೆ ಹೋಗಿದ್ದೆ. ನಾನು ಚಿಕ್ಕವನಿದ್ದಾಗ ಕಂಡ ಹಸಿರು ಗುಡ್ಡದ ಊರು ಅದು. ಈಗ ಮನೆಯ ಹಂಚು ಕೆಂಪು, ತೆಂಗಿನ ಗರಿ ಕೆಂಪು, ಬಾಳೆ ಎಲೆ ತೊಳೆದ ನೀರು ಕೆಂಪು. ರಸ್ತೆಯಲ್ಲಿ ಲಾರಿಗಳ ಸಾಲು ನಿಂತು ಮದುಮಗನ ದಿಬ್ಬಣ ಎರಡು ಗಂಟೆ ತಡವಾಯಿತು. ಅಲ್ಲಿ ಕಾನೂನು ಇರಲಿಲ್ಲವೆ? ಇತ್ತು. ಗುತ್ತಿಗೆ ಇತ್ತು, ನಕ್ಷೆ ಇತ್ತು, ಪರವಾನಗಿ ಇತ್ತು, ರಾಜಧನವೂ ಇತ್ತು. 2009ರ ಆಗಸ್ಟ್‌ವರೆಗೆ ಅತ್ಯುತ್ತಮ ದರ್ಜೆಯ ಅದಿರಿಗೂ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ ಮೀರುತ್ತಿರಲಿಲ್ಲ. ಹೊರಗೆ ಅದೇ ಅದಿರು ಟನ್ನಿಗೆ ಸಾವಿರಗಳ ಲೆಕ್ಕದಲ್ಲಿ ಹೋಗುತ್ತಿತ್ತು. ಚೀನಾದ ಬೇಡಿಕೆ ಏರಿದಾಗ ಬೆಲೆ ಏರಿತು, ರಾಜಧನ ನಿಂತಲ್ಲೇ ನಿಂತಿತ್ತು. ನಿಯಮ ಬರೆದವನು ಮುಂದೆ ಬರುವ ಬೆಲೆಯನ್ನು ಎಣಿಸಿರಲಿಲ್ಲ.

ಗಡಿಯ ಕಥೆ ಇನ್ನೂ ಘೋರ. ಕರ್ನಾಟಕ ಆಂಧ್ರಗಳ ನಡುವಿನ ಗಡಿ ಗುರುತುಗಳೇ ಅಳಿಸಿಹೋದವು ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿಯ ಹತ್ತಿರದ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯನ್ನು 2006ರಲ್ಲಿ ಸಿಡಿಸಿ ಕೆಡವಿದರು. ಬಾಂದುಕಲ್ಲು ಕಿತ್ತವನಿಗೆ ವಂಶ ಉಳಿಯುವುದಿಲ್ಲ ಎಂದು ನಮ್ಮ ಹಳ್ಳಿಗಳಲ್ಲಿ ಹಿರಿಯರು ಹೇಳುತ್ತಿದ್ದರು. ಇಲ್ಲಿ ದೇವರನ್ನೇ ಕಿತ್ತರು. ಜನ ವಸತಿ ಇರುವ, ಪೊಲೀಸ್ ಠಾಣೆ ಇರುವ, ಎರಡು ಸರ್ಕಾರಗಳಿರುವ ಜಾಗದಲ್ಲಿ ಗಡಿ ಹೀಗಾಯಿತು. ಕಲ್ಲು ನೆಟ್ಟವರಾರೂ ಇಲ್ಲದ ಚಂದ್ರನಲ್ಲಿ ಸುರಕ್ಷತಾ ವಲಯದ ಗೆರೆ ತನ್ನಷ್ಟಕ್ಕೆ ತಾನು ನೆಟ್ಟಗೆ ನಿಂತಿರುತ್ತದೆ ಎಂದು ನಂಬಬೇಕಂತೆ.

ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರು 2008ರಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಎರಡನೆಯದರಲ್ಲಿ ಅವರು ಲೆಕ್ಕ ಹಾಕಿದ ನಷ್ಟ 16,085 ಕೋಟಿ ರೂಪಾಯಿ. ಅದೇ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯಲ್ಲೂ, ಆಗಸ್ಟ್‌ನಲ್ಲಿ ನಮ್ಮ ನೆರೆಯ ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ 49 ಗುತ್ತಿಗೆಗಳನ್ನು ರದ್ದು ಮಾಡಿ, ವರ್ಷಕ್ಕೆ ಇಷ್ಟೇ ಟನ್ನು ತೆಗೆಯಬೇಕು ಎಂಬ ಮಿತಿಯ ಮೇಲೆ ಉಳಿದವರಿಗೆ ದಾರಿ ಬಿಟ್ಟಿತು. ನೋಡಿ, ಕೊನೆಗೂ ಬಂದು ನಿಂತದ್ದು ಎಲ್ಲಿಗೆ? ಮಿತಿಗೆ. ಅರಸು 1974ರಲ್ಲಿ ಎಲ್ಲಿಂದ ಶುರು ಮಾಡಿದ್ದರೋ ಅಲ್ಲಿಗೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಇಷ್ಟೆಲ್ಲ ಷರತ್ತು ಹಾಕಿದರೆ ಹಣ ಹಾಕುವವರು ಯಾರು, ಎಂಬುದು ಕೊನೆಯ ಪ್ರಶ್ನೆ. ಪ್ರಾಮಾಣಿಕ ಪ್ರಶ್ನೆ, ಹಾಗಾಗಿ ಪ್ರಾಮಾಣಿಕ ಉತ್ತರ ಕೊಡಬೇಕು. ಹಕ್ಕುಪತ್ರ ಗಟ್ಟಿಯಿದ್ದ ಕಡೆ ರೈತ ಬಾವಿ ತೋಡಿಸಿದ, ಅನುಮಾನ ಇದ್ದ ಕಡೆ ತೋಡಿಸಲಿಲ್ಲ. ಇದನ್ನು ನಾನು ನೌಕರಿಯುದ್ದಕ್ಕೂ ಕಂಡಿದ್ದೇನೆ. ಕಂಪನಿಗೂ ಅದೇ ಮಾತು. ಒಂದು ದೇಶ ಒಪ್ಪಿ ನಾಲ್ಕು ದೇಶ ಒಪ್ಪದ ಪಟ್ಟಾಕ್ಕಿಂತ ಎಲ್ಲರೂ ಒಪ್ಪಿದ ಪಟ್ಟಾದ ಬೆಲೆ ಹೆಚ್ಚು. ಇಂಥ ಪಟ್ಟಾ ಆಗದ ಮಾತಲ್ಲ. ಯಾವ ದೇಶಕ್ಕೂ ಸೇರದ ಕಡಲತಳಕ್ಕೆ 1982ರ ಸಮುದ್ರ ಒಪ್ಪಂದದಲ್ಲಿ ಒಂದು ವ್ಯವಸ್ಥೆ ಮಾಡಿದರು. ಅದರ ಪ್ರಾಧಿಕಾರ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿದೆ. ಅಲ್ಲಿಯ ಮೂಲ ನಿಯಮ ನಮ್ಮ ಅಣ್ಣತಮ್ಮಂದಿರ ಹಿಸ್ಸೆಯ ಪದ್ಧತಿಯೇ. ಅರ್ಜಿ ಹಾಕುವವನು ಸರಿಸಮನಾದ ಎರಡು ಪಾಲು ತೋರಿಸಬೇಕು, ಒಂದನ್ನು ಪ್ರಾಧಿಕಾರ ಎಲ್ಲರ ಪರವಾಗಿ ಕಾದಿರಿಸಿಕೊಳ್ಳುತ್ತದೆ. ಈ ವ್ಯವಸ್ಥೆಯೊಳಗೆ 1987ರಲ್ಲೇ ಹೆಸರು ನೋಂದಾಯಿಸಿದ ದೇಶ ಭಾರತ. ಹಿಂದೂ ಮಹಾಸಾಗರದ ನಡುವೆ ಸಿಕ್ಕ ಒಂದೂವರೆ ಲಕ್ಷ ಚದರ ಕಿಲೊಮೀಟರಿನಲ್ಲಿ ಅರ್ಧ ಬಿಟ್ಟುಕೊಟ್ಟು 75,000 ಚದರ ಕಿಲೊಮೀಟರ್ ಉಳಿಸಿಕೊಂಡಿತು. ಅರ್ಧ ಬಿಟ್ಟುಕೊಟ್ಟದ್ದರಿಂದ ನಾವು ಮುಳುಗಲಿಲ್ಲ. ಅಮೆರಿಕ ಆ ಒಪ್ಪಂದಕ್ಕೆ ಸೇರಿಲ್ಲ, 2025ರ ಏಪ್ರಿಲ್‌ನಲ್ಲಿ ಅದರ ಅಧ್ಯಕ್ಷರು ತಮ್ಮದೇ ಕಾನೂನಿನಡಿ ಕಡಲತಳಕ್ಕೆ ಪರವಾನಗಿ ಕೊಡಿ ಎಂದು ಆದೇಶಿಸಿದರು. ಬಲಿಷ್ಠ ಬೇಲಿ ಮುರಿಯುತ್ತಾನೆ ಎಂಬ ಕಾರಣಕ್ಕೆ ಉಳಿದವರು ಬೇಲಿಯನ್ನೇ ಹಾಕಬಾರದೆ?

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಅರಸು ಕಾಯ್ದೆಯ ನಾಲ್ಕು ಕಲಮುಗಳನ್ನೇ ಕೇಳುತ್ತೇನೆ. ಆಕಾಶದ ಸಂಪತ್ತು ಮೊದಲು ಎಲ್ಲರಲ್ಲಿ ವಿಹಿತವಾಗಲಿ, ಅಲ್ಲಿಂದ ಅಗೆಯುವವನಿಗೆ ಮಂಜೂರಾಗಲಿ. ಒಬ್ಬನಿಗೆ ಎಷ್ಟು ಗುಂಡಿ, ಎಷ್ಟು ವರ್ಷ, ಎಷ್ಟು ಟನ್ನು ಎಂಬ ಮಿತಿ ಇರಲಿ. ಬೆಲೆ ಏರಿದಾಗ ತಾನೂ ಏರುವ ರಾಜಧನ ಇರಲಿ, ಅದರಲ್ಲಿ ರಾಕೆಟ್ಟಿಲ್ಲದ ದೇಶದ ಮಗುವಿಗೂ ಪಾಲಿರಲಿ. ತಕರಾರು ಬಂದರೆ ಚಿಕ್ಕ ದೇಶವೂ ದುಬಾರಿ ವಕೀಲರಿಲ್ಲದೆ ನಿಂತು ಮಾತಾಡುವ ಒಂದು ಮಂಡಳಿ ಇರಲಿ. ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಒಂದು ಕಾರ್ಯತಂಡ ಇದೇ ವಿಷಯಕ್ಕೆಂದು ನೇಮಕವಾಗಿದೆ, ಅದರ ಕಾರ್ಯಯೋಜನೆ 2027ರವರೆಗಿದೆ. ಚಂದ್ರನಲ್ಲಿ ನೀರಿನ ಸುಳಿವು ಹಿಡಿದ, ಧ್ರುವದ ಹತ್ತಿರ ಇಳಿದ ಭಾರತ ಅಲ್ಲಿ ಬಾಯಿಬಿಟ್ಟರೆ ಕೇಳದಿರುವವರಿಲ್ಲ. ರಾಕೆಟ್ಟಿದ್ದವರ ಸಾಲಿನಲ್ಲಿ ಕೂತು ರಾಕೆಟ್ಟಿಲ್ಲದವರ ಪರವಾಗಿ ಮಾತಾಡಬಲ್ಲ ದೇಶಗಳು ಎಷ್ಟಿವೆ? ಮತ್ತು ಇದನ್ನು ದಿಲ್ಲಿಯ ಕಚೇರಿಯೊಂದು ನೀತಿಯ ಹೆಸರಿನಲ್ಲಿ ತೀರ್ಮಾನಿಸಿದರೆ ಸಾಲದು. ಸಂಸತ್ತಿನಲ್ಲಿ ಮಸೂದೆಯಾಗಿ ಬರಲಿ, ನಮ್ಮ ಸಂಸದರು ಅದರ ಪರವೋ ವಿರೋಧವೋ ಕೈ ಎತ್ತಲಿ.

ಈ ಬರಹದ ಕೈಪ್ರತಿಯನ್ನು ಇಂಜಿನಿಯರಿಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು ಓದಿ ವಾಪಸು ತಂದರು. ಬಳ್ಳಾರಿಯ ಮಾತು ಸರಿ, ಸಮುದ್ರದ್ದು ನೋಡಬೇಕು, ಆದರೂ ಮೊದಲು ಹೋಗುವವರು ನಾವೇ ಆದರೆ ಆಗಲೂ ಹೀಗೆಯೇ ಬರೆಯುತ್ತೀರೋ ಎಂದು ಕೇಳಿದರು. ಹೌದು, ಆಗ ಇನ್ನೂ ಜೋರಾಗಿ ಬರೆಯುತ್ತೇನೆ ಎಂದೆ. 1974ರಲ್ಲಿ ಮಿತಿ ಹಾಕಿದ ವಿಧಾನಸಭೆಯಲ್ಲಿ ಜಮೀನಿದ್ದವರೇನೂ ಕಡಿಮೆ ಇರಲಿಲ್ಲ. ಅವರು ತಕ್ಷಣ ಉತ್ತರ ಕೊಡಲಿಲ್ಲ. ನಾಳೆ ಮಂಡಕ್ಕಿ ತರುವ ಸರದಿ ನನ್ನದು.